ತೂಕ ಇಳಿಸುವ ಲೆಕ್ಕ ಸಂಜೆ ನಾಲ್ಕೂವರೆಗೆ ಶುರು: ಹದಿಹರೆಯದವರ ಊಟ, ವ್ಯಾಯಾಮಕ್ಕೊಂದು ಕೈಪಿಡಿ

ಪ್ರಥಮ ಪಿಯುಸಿಗೆ ಸೇರಿದ ಆರು ತಿಂಗಳಿಗೆ ಯೂನಿಫಾರ್ಮ್ ಬಿಗಿಯಾಯಿತೆಂದು ನನ್ನ ಅಕ್ಕನ ಮಗಳು ಒಂದು ದಿನ ರಾತ್ರಿಯೂಟ ಬಿಟ್ಟಳು. ಮರುದಿನ ಬೆಳಗಿನ ತಿಂಡಿಯನ್ನೂ ಬಿಟ್ಟಳು. ಮೂರನೆಯ ದಿನ ಟ್ಯೂಷನ್ ದಾರಿಯ ಬೇಕರಿಯಲ್ಲಿ ನಿಂತು ಎರಡು ಪಫ್ಸ್, ಒಂದು ದಿಲ್‌ಪಸಂದ್ ತಿಂದು ಮನೆಗೆ ಬಂದು ಅತ್ತಳು. ಅವಳನ್ನು ಕೂರಿಸಿಕೊಂಡು ಹಿಂದಿನ ವಾರದ ದಿನಚರಿಯನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಸಿದಾಗ ಕಂಡದ್ದು ಇಷ್ಟು: ಬೆಳಿಗ್ಗೆ ಏಳೂಕಾಲರ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ನಾಲ್ಕು ತುತ್ತು ಉಪ್ಪಿಟ್ಟು, ಮಧ್ಯಾಹ್ನ ತಣ್ಣಗಾದ ಚಿತ್ರಾನ್ನದ ಡಬ್ಬಿಯಲ್ಲಿ ಅರ್ಧ ಹಾಗೆಯೇ ವಾಪಸ್ಸು, ಸಂಜೆ ನಾಲ್ಕೂವರೆಯಿಂದ ಏಳರೊಳಗೆ ಬೇಕರಿ, ಗೋಬಿ ಗಾಡಿ, ಬಾಟಲಿ ಜ್ಯೂಸ್, ರಾತ್ರಿ ಒಂಬತ್ತೂವರೆಗೆ ಹೊಟ್ಟೆ ಬಿರಿಯುವಷ್ಟು ಅನ್ನ, ಹನ್ನೆರಡೂವರೆಗೆ ಮೊಬೈಲು ಕೆಳಗಿಟ್ಟು ನಿದ್ದೆ. ಅವಳು ಬಿಡಲು ಹೊರಟಿದ್ದ ಎರಡು ಊಟಗಳನ್ನು ಸರಿಯಾಗಿ ಮಾಡಿದ್ದರೆ ಬೇಕರಿಯ ಮುಂದೆ ನಿಲ್ಲುವ ಹಸಿವೇ ಹುಟ್ಟುತ್ತಿರಲಿಲ್ಲ.

ಹದಿಮೂರರಿಂದ ಹದಿನೆಂಟರ ಒಳಗಿನ ಅನೇಕರ ದಿನ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಆದ್ದರಿಂದ ಈ ಬರಹ ಯಾವ ಊಟ ಬಿಡಬೇಕೆಂದು ಹೇಳುವುದಿಲ್ಲ. ದಿನದ ಯಾವ ಹೊತ್ತನ್ನು ಹೇಗೆ ತಿದ್ದಿಕೊಳ್ಳಬೇಕೆಂದು ಹೇಳುತ್ತದೆ. ಮನೆಯ ಹಿರಿಯರೂ ಇದನ್ನು ಓದಬೇಕು, ಏಕೆಂದರೆ ಅಡುಗೆಮನೆಯ ಕೀಲಿ ಇರುವುದು ಅವರ ಕೈಯಲ್ಲಿ.

ಇಳಿಸುವ ಅಗತ್ಯವಿದೆಯೇ?

ಮೊಬೈಲಿನಲ್ಲಿ ಎತ್ತರ ಮತ್ತು ತೂಕ ತುಂಬಿದರೆ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಎಂದು ತೋರಿಸುವ ಸಂಖ್ಯೆ, ಬರುತ್ತದೆ. ಆದರೆ ಅದರ ಪಕ್ಕದಲ್ಲಿ ಕಾಣುವ ‘ನಾರ್ಮಲ್’, ‘ಓವರ್‌ವೇಟ್’ ಎಂಬ ಹಣೆಪಟ್ಟಿ ಸಾಮಾನ್ಯವಾಗಿ ದೊಡ್ಡವರಿಗಾಗಿ ಮಾಡಿದ್ದು. ಹದಿನೆಂಟು ತುಂಬದವರಲ್ಲಿ ಅದೇ ಸಂಖ್ಯೆಯನ್ನು ವಯಸ್ಸಿಗೆ ತಕ್ಕಂತೆ, ಹುಡುಗ ಹುಡುಗಿಯರಿಗೆ ಬೇರೆ ಬೇರೆಯಾಗಿರುವ ಬೆಳವಣಿಗೆಯ ಪಟದ ಮೇಲಿಟ್ಟು ಓದಬೇಕಾಗುತ್ತದೆ. ನಮ್ಮ ದೇಶದ ಮಕ್ಕಳಿಗೆಂದು ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸಂಸ್ಥೆಯು 5ರಿಂದ 18 ವರ್ಷದವರ ಪರಿಷ್ಕೃತ ಪಟಗಳನ್ನು 2015ರಲ್ಲಿ ಪ್ರಕಟಿಸಿದೆ. ಮಕ್ಕಳ ವೈದ್ಯರು ನಿಮ್ಮ ಅಳತೆಯನ್ನು ಅದರಲ್ಲಿ ಗುರುತಿಸಿ, ಹಿಂದಿನ ವರ್ಷಗಳ ಅಳತೆಗಳಿದ್ದರೆ ಅವುಗಳೊಡನೆ ಹೋಲಿಸಿ ಹೇಳುತ್ತಾರೆ. ಕನ್ನಡಿಯ ಮಾತನ್ನೂ ಮದುವೆಮನೆಯಲ್ಲಿ ಸಿಕ್ಕ ಅತ್ತೆಯ ಮಾತನ್ನೂ ನಂಬಿ ಪಥ್ಯ ಶುರುಮಾಡುವ ಮುನ್ನ ಈ ಒಂದು ಭೇಟಿ ಆಗಲೇಬೇಕು. ಪ್ರಾಯಕ್ಕೆ ಬರುವಾಗ ಹುಡುಗಿಯರ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚುವುದು ಸಹಜ ಬೆಳವಣಿಗೆ; ಹುಡುಗರಲ್ಲಿಯೂ ಎತ್ತರ ಜಿಗಿಯುವ ಮುನ್ನ ಕೆಲಕಾಲ ಮೈ ತುಂಬಿಕೊಳ್ಳುವುದುಂಟು.

ಬೆಳೆಯುತ್ತಿರುವ ದೇಹಕ್ಕೆ ದೊಡ್ಡವರಿಗಿಲ್ಲದ ಒಂದು ಅನುಕೂಲವೂ ಇದೆ. 150 ಸೆಂಟಿಮೀಟರ್ ಎತ್ತರ, 58 ಕಿಲೋ ತೂಕದ ಹದಿಮೂರರ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಅವನ ಬಿಎಂಐ ಸುಮಾರು 25.8. ಅವನು ಒಂದು ಕಿಲೋವನ್ನೂ ಇಳಿಸದೆ, 158 ಸೆಂಟಿಮೀಟರಿಗೆ ಬೆಳೆಯುವವರೆಗೆ ಅದೇ 58 ಕಿಲೋವನ್ನು ಕಾಯ್ದುಕೊಂಡರೆ ಅದು 23.2ಕ್ಕೆ ಬರುತ್ತದೆ. ಇನ್ನೂ ಎತ್ತರವಾಗುತ್ತಿರುವ ಎಷ್ಟೋ ಮಕ್ಕಳಿಗೆ ವೈದ್ಯರು ಮೊದಲು ಕೊಡುವ ಗುರಿಯೇ ಇದು: ತೂಕ ಏರದಿರಲಿ, ಎತ್ತರ ತನ್ನ ಕೆಲಸ ಮಾಡಲಿ. ಕಿಲೋಗಳನ್ನು ನಿಜವಾಗಿಯೂ ಇಳಿಸಬೇಕಾದವರಿಗೆ ಎಷ್ಟು, ಯಾವ ವೇಗದಲ್ಲಿ ಎಂಬುದನ್ನು ವೈದ್ಯರೇ ಗೊತ್ತುಮಾಡಬೇಕು.

ವೈದ್ಯರ ಬಳಿ ಹೇಳಲೇಬೇಕಾದ ಇನ್ನೊಂದು ವಿಷಯ ಕುತ್ತಿಗೆಯ ಹಿಂಭಾಗದಲ್ಲಿ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪನಾಗಿ ಕಾಣುವ ಕಪ್ಪು. ಅದನ್ನು ಕೊಳೆಯೆಂದು ತಿಳಿದು ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ತಿಕ್ಕುವ ತಾಯಂದಿರನ್ನು ನಾನು ಬಹಳ ನೋಡಿದ್ದೇನೆ. ಅನೇಕ ಸಲ ಅದು ದೇಹದಲ್ಲಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ತಿಕ್ಕಿದರೆ ಚರ್ಮ ಉರಿಯುತ್ತದೆಯೇ ಹೊರತು ಕಪ್ಪು ಹೋಗುವುದಿಲ್ಲ. ಮುಟ್ಟು ಏರುಪೇರಾಗಿದ್ದರೆ, ಸದಾ ಸುಸ್ತಿದ್ದರೆ, ಎತ್ತರ ಬೆಳೆಯುವುದೇ ನಿಂತಂತಿದ್ದರೆ ಅದನ್ನೂ ಹೇಳಿ. ಥೈರಾಯ್ಡ್ ಅಥವಾ ಪಿಸಿಓಡಿ (ಹಾರ್ಮೋನು ಏರುಪೇರಿನಿಂದಾಗುವ ಅಂಡಾಶಯದ ಸಮಸ್ಯೆ) ತೊಂದರೆಯಿದ್ದರೆ ಚಿಕಿತ್ಸೆಯೂ ಜೊತೆಗೆ ನಡೆಯಬೇಕಾಗುತ್ತದೆ. ಖಾಸಗಿ ವೈದ್ಯರ ಖರ್ಚು ಕಷ್ಟವೆನ್ನುವವರು ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ನಡೆಯುವ ‘ಸ್ನೇಹ ಕ್ಲಿನಿಕ್’ ಅನ್ನು ವಿಚಾರಿಸಬಹುದು.

ಸಂಜೆಯ ಡಬ್ಬಿ

ಯೋಜನೆಯನ್ನು ಬೆಳಗಿನಿಂದ ಆರಂಭಿಸುವುದು ವಾಡಿಕೆ. ನಾನು ಸಂಜೆಯಿಂದ ಆರಂಭಿಸಲು ಹೇಳುತ್ತೇನೆ. ಮಧ್ಯಾಹ್ನ ಹನ್ನೆರಡೂವರೆಗೆ ಅರೆಹೊಟ್ಟೆ ಉಂಡ ಹುಡುಗಿಗೆ ಸಂಜೆ ನಾಲ್ಕೂವರೆಗೆ ಎದುರಾಗುವುದು ಬರಿಯ ಚಪಲವಲ್ಲ, ನಿಜವಾದ ಹಸಿವು. ಆ ಹಸಿವಿನ ಮುಂದೆ ಕೈಗೆಟುಕುವ ಬೆಲೆಯಲ್ಲಿ ಇರುವುದು ಮೈದಾ, ವನಸ್ಪತಿ, ಸಕ್ಕರೆ. ಮನೋಬಲ ಒಂದನ್ನೇ ನಂಬಿ ಬೇಕರಿಯನ್ನು ದಾಟುವುದು ದೊಡ್ಡವರಿಗೂ ಆಗದ ಮಾತು. ಡಬ್ಬಿಯೊಂದು ಚೀಲದಲ್ಲಿದ್ದರೆ ದಾಟುವುದು ಸುಲಭ.

ಆದುದರಿಂದ ಊಟದ ಡಬ್ಬಿಯ ಜೊತೆಗೆ ಎರಡನೆಯದೊಂದು ಪುಟ್ಟ ಡಬ್ಬಿ ಹೋಗಲಿ. ಅದಕ್ಕೆ ಒಗ್ಗುವುದು ಕಾಳಿನ ಉಸಲಿ, ಉತ್ತರ ಕರ್ನಾಟಕದವರು ಗುಗ್ಗರಿ ಎನ್ನುವಂಥದ್ದು. ಕಡಲೆಕಾಳನ್ನು ಹಿಂದಿನ ದಿನ ಸಂಜೆಯೇ ನೆನೆಹಾಕಿ, ಬೆಳಿಗ್ಗೆ ಉಪ್ಪು ಹಾಕಿ ಕುಕ್ಕರಿನಲ್ಲಿ ಬೇಯಿಸಿ, ನೀರನ್ನು ಪೂರ್ತಿ ಬಸಿಯಬೇಕು. ಆ ಬಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಿಕೊಳ್ಳಿ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಕಾಳು ತೇವ ಆರುವವರೆಗೆ ಬಾಡಿಸಿ, ಪೂರ್ತಿ ತಣಿದ ಮೇಲೆ ಡಬ್ಬಿಗೆ ತುಂಬಬೇಕು. ತೆಂಗಿನಕಾಯಿ ತುರಿ ಹಾಕಿದರೆ ಸಂಜೆಯ ಹೊತ್ತಿಗೆ ಹಳಸುತ್ತದೆ, ಆದ್ದರಿಂದ ಅದು ಮನೆಯಲ್ಲಿ ತಿನ್ನುವ ದಿನಕ್ಕೇ ಇರಲಿ. ಬಿಸಿಲುಗಾಲದಲ್ಲಿ ಬೇಯಿಸಿದ್ದನ್ನು ಒಯ್ಯುವುದೇ ಬೇಡ. ಹುರಿಗಡಲೆ, ಹುರಿದ ಶೇಂಗಾ ಒಂದು ಹಿಡಿ, ಜೊತೆಗೆ ಒಂದು ಬಾಳೆಹಣ್ಣು ಅಥವಾ ಸೀಬೆಹಣ್ಣು ಸಾಕು. ಸಂಜೆ ಮನೆಗೇ ಬರುವವರಿಗೆ ಮೊಳಕೆ ಹೆಸರುಕಾಳಿನ ಕೋಸಂಬರಿ, ಬೇಯಿಸಿದ ಮೊಟ್ಟೆ, ಒಂದು ಲೋಟ ಮಜ್ಜಿಗೆ ಇವೆಲ್ಲ ಇದ್ದೇ ಇವೆ.

ಕುಡಿಯುವುದರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಕುಡಿದದ್ದನ್ನು ಯಾರೂ ತಿಂದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಟಲಿಯ ಹಿಂದಿನ ಸಣ್ಣಕ್ಷರದಲ್ಲಿ 100 ಮಿಲಿಲೀಟರಿಗೆ ಸಕ್ಕರೆ 11 ಗ್ರಾಂ ಎಂದಿದ್ದು, ಬಾಟಲಿ 250 ಮಿಲಿಲೀಟರಿನದಾಗಿದ್ದರೆ, ಒಳಗಿರುವುದು 27 ಗ್ರಾಮಿಗೂ ಮಿಗಿಲು, ಅಂದರೆ ಐದು ಚಹಾ ಚಮಚಕ್ಕೂ ಹೆಚ್ಚು ಸಕ್ಕರೆ. ಒಂದು ಲೋಟ ನೀರಿಗೆ ಅಷ್ಟು ಸಕ್ಕರೆ ಸುರಿದು ಕೊಟ್ಟರೆ ನೀವು ಮುಖ ಸಿಂಡರಿಸುತ್ತೀರಿ. ಹುಳಿ, ಗ್ಯಾಸು ಮತ್ತು ತಂಪು ಸೇರಿದಾಗ ಅದು ಗೊತ್ತಾಗುವುದಿಲ್ಲ. ಅಂಗಡಿಯ ಹಣ್ಣಿನ ರಸಕ್ಕೂ ‘ಸಕ್ಕರೆ ಹಾಕಬೇಡಿ’ ಎಂದು ಬಾಯಿಬಿಟ್ಟು ಹೇಳದಿದ್ದರೆ ಹಾಕಿಯೇ ಹಾಕುತ್ತಾರೆ. ನೀರು, ಮಜ್ಜಿಗೆ, ಎಳನೀರು ಇರುವ ನಾಡಿನಲ್ಲಿ ಈ ಒಂದು ಬದಲಾವಣೆ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಬೇಗ ಫಲ ಕೊಡುವಂಥದ್ದೂ ಇದೇ.

ಬೇಕರಿಯನ್ನು ಜೀವನದಿಂದಲೇ ಹೊರಗಟ್ಟಬೇಕಿಲ್ಲ. ವಾರಕ್ಕೊಂದು ದಿನವನ್ನು, ಶನಿವಾರವೆನ್ನಿ, ಗೊತ್ತುಮಾಡಿಕೊಂಡು ಗೆಳೆಯರೊಡನೆ ಹೋಗಿ, ಬೇಕಾದ ಒಂದನ್ನು ಆರಿಸಿ, ಕೂತು, ನಿಧಾನವಾಗಿ ತಿನ್ನಿ. ಪೂರ್ತಿ ನಿಷೇಧ ಹಾಕಿಕೊಂಡವರು ಹತ್ತನೆಯ ದಿನ ನಾಲ್ಕು ತಿನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೋಬಿ ಮಂಚೂರಿಯ ವಿಷಯದಲ್ಲಿ ಮಾತ್ರ ಒಂದು ಮಾತು: ಅದಕ್ಕೆ ಕೃತಕ ಬಣ್ಣ ಬೆರೆಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿದೆ, ಕೆಂಪಗೆ ಹೊಳೆಯುವ ತಟ್ಟೆ ಕಂಡರೆ ಮುಂದೆ ನಡೆಯಿರಿ.

ತಟ್ಟೆಯೊಳಗಿನ ಪಾಲು

ಅನ್ನ ಬಿಡಿ, ಗೋಧಿ ತಿನ್ನಿ ಎನ್ನುವ ಉಪದೇಶ ಎಲ್ಲೆಡೆ ಸಿಗುತ್ತದೆ. ಅಕ್ಕಿಯಾಗಲಿ, ಗೋಧಿಯಾಗಲಿ, ತಟ್ಟೆಯ ಮುಕ್ಕಾಲು ಭಾಗವನ್ನು ಅದೇ ಆಕ್ರಮಿಸಿದರೆ ಫಲ ಒಂದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಬೇಕು. ಉಳಿದರ್ಧದಲ್ಲಿ ಧಾನ್ಯ, ಬೇಳೆಕಾಳು, ಮೊಟ್ಟೆ ಮಾಂಸ, ಹಾಲು ಮೊಸರು ಹಂಚಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿರುತ್ತದೆ: ಬೆಟ್ಟದಷ್ಟು ಅನ್ನ, ಮೇಲೆ ತಿಳಿಸಾರು, ಅಂಚಿನಲ್ಲಿ ಉಗುರಿನಷ್ಟು ಪಲ್ಯ.

ಇದನ್ನು ತಿದ್ದಲು ಹೊಸ ಅಡುಗೆ ಕಲಿಯಬೇಕಿಲ್ಲ. ಬಾಳೆಲೆಯ ಊಟದಲ್ಲಿ ಕೋಸಂಬರಿ, ಪಲ್ಯಗಳು ಮೊದಲು ಬಂದು ಅನ್ನ ಆಮೇಲೆ ಬರುತ್ತದಲ್ಲವೇ, ಆ ಕ್ರಮವನ್ನೇ ಮನೆಗೆ ತನ್ನಿ. ಪಲ್ಯ, ಕೋಸಂಬರಿ ಅರ್ಧ ತಿಂದಾದ ಮೇಲೆ ಅನ್ನ ಬಡಿಸಿಕೊಂಡರೆ, ಬಡಿಸಿಕೊಳ್ಳುವ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ. ಸಾರಿನ ಪಾತ್ರೆಯ ತಳದಿಂದ ಬೇಳೆಯ ಗಟ್ಟಿಯನ್ನು ಬಡಿಸಿಕೊಳ್ಳಿ, ಮೇಲಿನ ತಿಳಿಯಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ಮೈಸೂರು ಸೀಮೆಯ ಬಸ್ಸಾರು ಈ ದೃಷ್ಟಿಯಿಂದ ಬಹಳ ಜಾಣ ಅಡುಗೆ: ಕಾಳು, ಸೊಪ್ಪು ಒಟ್ಟಿಗೆ ಬೆಂದು, ನೀರು ಸಾರಾಗಿ, ಉಳಿದದ್ದು ಪಲ್ಯವಾಗಿ ಯಾವುದೂ ದಂಡವಾಗುವುದಿಲ್ಲ. ಅದಕ್ಕೆ ಒಂದು ಮುದ್ದೆ, ಒಂದು ಬಟ್ಟಲು ಮೊಸರು ಸೇರಿದರೆ ಹದಿಹರೆಯದವರಿಗೆ ಬೇಕಾದ ಊಟವೇ ಆಯಿತು. ಜೋಳದ ರೊಟ್ಟಿಯ ಕಡೆಯವರಿಗೆ ಮಡಕೆಕಾಳಿನ ಪಲ್ಯ, ಹಸಿ ಮೆಂತ್ಯ, ಸೌತೆಕಾಯಿ. ಕರಾವಳಿಯವರಿಗೆ ಸಾರಿನ ಮೀನು, ಹುರಿದದ್ದಲ್ಲ. ಎಣ್ಣೆಯನ್ನು ಡಬ್ಬದಿಂದ ನೇರ ಬಾಣಲೆಗೆ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕಿದರೆ ಮೊದಲ ತಿಂಗಳಲ್ಲೇ ಖರ್ಚಿನ ವ್ಯತ್ಯಾಸ ಗೊತ್ತಾಗುತ್ತದೆ.

ಕಡಿಮೆ ಮಾಡಬಾರದವುಗಳ ಪಟ್ಟಿ ಕಡಿಮೆ ಮಾಡಬೇಕಾದವುಗಳಿಗಿಂತ ಮುಖ್ಯ. ಪ್ರೋಟೀನು 13ರಿಂದ 15 ವರ್ಷದವರಿಗೆ ದಿನಕ್ಕೆ ಸುಮಾರು 45 ಗ್ರಾಂ, 16ರ ಮೇಲಿನ ಹುಡುಗರಿಗೆ ಸುಮಾರು 55 ಗ್ರಾಂ ಬೇಕು. ಮೂಳೆ ಗಟ್ಟಿಯಾಗುವ ಕೆಲಸದ ಬಹುಪಾಲು ಈ ವಯಸ್ಸಿನಲ್ಲೇ ಮುಗಿಯುವುದರಿಂದ ದಿನಕ್ಕೆ 1000 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಸಿಗುತ್ತದೆ, ಉಳಿದದ್ದನ್ನು ಹಾಲು, ಮೊಸರು, ಸೊಪ್ಪು, ಎಳ್ಳು ತುಂಬಿಕೊಡಬೇಕು. ಮುಟ್ಟಾಗುವ ಹುಡುಗಿಯರಿಗೆ ಕಬ್ಬಿಣಾಂಶದ ಅಗತ್ಯ ಹೆಚ್ಚು. ಸೊಪ್ಪಿನ ಪಲ್ಯಕ್ಕೆ ಉಣ್ಣುವಾಗ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ, ಊಟದ ಬೆನ್ನಿಗೇ ಕಾಫಿ ಟೀ ಕುಡಿದರೆ ತಡೆಯುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯದೆ, ಊಟವಾದ ಮೇಲೆ ನುಂಗಿ.

ಅಂತರ್ಜಾಲದಲ್ಲಿ ಓಡಾಡುವ ‘1200 ಕ್ಯಾಲೊರಿ ಡಯಟ್’ ಎಂಬುದು ನಿಮಗಲ್ಲ. ಮಿತವಾಗಿ ಓಡಾಡುವ 13ರಿಂದ 15 ವರ್ಷದ ಹುಡುಗಿಗೆ ರಾಷ್ಟ್ರೀಯ ಪೋಷಣಾ ಸಂಸ್ಥೆ ಅಂದಾಜಿಸುವ ಅಗತ್ಯ ಅದರ ಎರಡು ಪಟ್ಟು. ಕ್ಯಾಲೊರಿ ಎಣಿಸುವ ಆ್ಯಪನ್ನು ಈ ವಯಸ್ಸಿನಲ್ಲಿ ಮೊಬೈಲಿಗೆ ಹಾಕಿಕೊಳ್ಳುವುದೇ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ತಟ್ಟೆಯ ಪಾಲು ನೋಡಿಕೊಂಡರೆ ಸಾಕು. ಬೆಳಗಿನ ಬಿಸಿನೀರು, ನಿಂಬೆ, ಜೇನುತುಪ್ಪ ಕೊಬ್ಬು ಕರಗಿಸುವುದಿಲ್ಲ, ಜೇನುತುಪ್ಪವೂ ಸಕ್ಕರೆಯೇ. ಊಟದ ಬದಲಿಗೆ ಕುಡಿಯುವ ಪುಡಿ, ‘ಹರ್ಬಲ್’ ಚಹಾ, ಜಿಮ್ಮಿನಲ್ಲಿ ಮಾರುವ ಮಾತ್ರೆ ಇವುಗಳ ಹತ್ತಿರ ಸುಳಿಯಬೇಡಿ. ತೂಕ ಇಳಿಸುವ ಇಂಜೆಕ್ಷನ್ ತಜ್ಞ ವೈದ್ಯರು ಬರೆದುಕೊಡಬೇಕಾದ ಔಷಧ, ಪರಿಚಯದವರು ತರಿಸಿಕೊಡುವ ವಸ್ತುವಲ್ಲ.

ಮೈ ಬಗ್ಗಿಸುವುದು

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂಥ ಚಟುವಟಿಕೆಯನ್ನೂ, ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಕಸರತ್ತನ್ನೂ ಹೇಳುತ್ತದೆ. ವರ್ಷದಿಂದ ಮೈ ಬಗ್ಗಿಸದವರು ಮೊದಲ ದಿನವೇ ಒಂದು ಗಂಟೆಗೆ ಕೈಹಾಕಿದರೆ ಮೂರನೆಯ ದಿನ ಮೊಣಕಾಲು ಹಿಡಿದುಕೊಂಡು ಕೂರುತ್ತಾರೆ. ಮೊದಲ ವಾರ ದಿನಕ್ಕೆ 15 ನಿಮಿಷದ ಬಿರುಸು ನಡಿಗೆ ಸಾಕು. ನಡೆಯುತ್ತ ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗವಿರಲಿ. ವಾರವಾರವೂ ಐದೋ ಹತ್ತೋ ನಿಮಿಷ ಸೇರಿಸುತ್ತ ಹೋದರೆ ಎರಡು ಮೂರು ತಿಂಗಳಲ್ಲಿ ಗಂಟೆ ತುಂಬುತ್ತದೆ. ಇಡೀ ಗಂಟೆ ಒಟ್ಟಿಗೆ ಸಿಗಬೇಕಿಲ್ಲ. ಟ್ಯೂಷನ್‌ಗೆ ಸ್ಕೂಟರಿನ ಹಿಂದೆ ಕೂರುವ ಬದಲು ಸೈಕಲ್ಲಿನಲ್ಲಿ ಹೋಗಿ ಬಂದರೆ ಅರ್ಧ ಕೆಲಸ ಅಲ್ಲಿಯೇ ಆಯಿತು.

ಹಗ್ಗದಾಟ ಅಗ್ಗದ, ಆದರೆ ಬಿರುಸಾದ ವ್ಯಾಯಾಮ. ಸಿಮೆಂಟಿನ ತಾರಸಿಗಿಂತ ಮಣ್ಣಿನ ಅಂಗಳ ಮೊಣಕಾಲಿಗೆ ಹಿತ, ಕಾಲಿಗೆ ಶೂ ಇರಲಿ. ಅರ್ಧ ನಿಮಿಷ ಜಿಗಿದು ಅರ್ಧ ನಿಮಿಷ ನಿಲ್ಲುವುದನ್ನು ಹತ್ತು ಸಲ ಮಾಡಿದರೆ ಬೆವರು ಇಳಿಯುತ್ತದೆ. ತೂಕ ತೀರ ಹೆಚ್ಚಿರುವವರು ಮೊದಲ ಕೆಲವು ತಿಂಗಳು ಜಿಗಿತ ಬಿಟ್ಟು ನಡಿಗೆ, ಸೈಕಲ್, ಅವಕಾಶವಿದ್ದರೆ ಈಜು ಆರಿಸಿಕೊಳ್ಳಲಿ. ಸ್ನಾಯುಗಳಿಗೆ ಸೂರ್ಯನಮಸ್ಕಾರ ನಾಲ್ಕು ಸುತ್ತಿನಿಂದ ಶುರುವಾಗಿ ಹನ್ನೆರಡಕ್ಕೆ ಏರಲಿ; ಗೋಡೆಗೆ ಕೈಯೂರಿ ತಳ್ಳುವ ದಂಡ ಹತ್ತು, ಬಸ್ಕಿ ಹತ್ತು. ಬಸ್ಕಿಯನ್ನು ಶಾಲೆಗಳಲ್ಲಿ ಶಿಕ್ಷೆಯಾಗಿ ಬಳಸಿ ಬಳಸಿ ಮಕ್ಕಳಿಗೆ ಅದರ ಹೆಸರೇ ಬೇಸರವಾಗಿದೆ. ತೊಡೆ ಸೊಂಟಗಳಿಗೆ ಅದಕ್ಕಿಂತ ಒಳ್ಳೆಯ ಕಸರತ್ತು ನನಗೆ ಗೊತ್ತಿಲ್ಲ. ಹಿಮ್ಮಡಿ ನೆಲ ಬಿಡದಂತೆ, ಕುರ್ಚಿಯ ಮೇಲೆ ಕೂರುವ ಹಾಗೆ ಹಿಂದಕ್ಕೆ ಬಾಗಿ ನಿಧಾನವಾಗಿ ಇಳಿಯಿರಿ. ಹೊಟ್ಟೆಯದೇ ಕೊಬ್ಬು ಕರಗಿಸುವ ವ್ಯಾಯಾಮ ಯಾವುದೂ ಇಲ್ಲ, ಕರಗುವಾಗ ಅದು ಮೈಯೆಲ್ಲ ಕರಗುತ್ತದೆ.

ಇವೆಲ್ಲಕ್ಕಿಂತ ದೀರ್ಘಕಾಲ ಉಳಿಯುವುದು ಆಟ. ಕಬಡ್ಡಿ, ಖೋ ಖೋ, ಥ್ರೋಬಾಲ್, ಬೀದಿಯ ಶಟ್ಲ್ ಯಾವುದಾದರೂ ಸರಿ. ಹತ್ತನೆಯ ತರಗತಿ ಬಂತೆಂದು ಆಟ ಬಿಡಿಸುವುದು, ಹುಡುಗಿ ದೊಡ್ಡವಳಾದಳೆಂದು ಮೈದಾನ ಬಿಡಿಸುವುದು, ಆಟದ ಪಿರಿಯಡ್ಡನ್ನು ಗಣಿತಕ್ಕೆ ಕೊಡುವುದು ಈ ಮೂರೂ ನಿಂತರೆ ಇಂಥ ಕೈಪಿಡಿಗಳ ಅಗತ್ಯವೇ ಅರ್ಧ ಇಳಿಯುತ್ತಿತ್ತು. ಮುಟ್ಟಿನ ದಿನಗಳಲ್ಲಿ ನೋವಿಲ್ಲದಿದ್ದರೆ ಆಡಲು ಅಡ್ಡಿಯಿಲ್ಲ.

ನಿದ್ದೆ, ತಕ್ಕಡಿ, ಮನೆಯ ಮಾತು

ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚುತ್ತದೆ, ಅದೂ ಸಿಹಿ ಮತ್ತು ಕರಿದ ತಿಂಡಿಗಳ ಕಡೆಗೇ ಎಳೆಯುತ್ತದೆ. ಆರಕ್ಕೆ ಏಳಬೇಕಾದವರು ಹತ್ತಕ್ಕೆ ಮಲಗಲೇಬೇಕು. ರಾತ್ರಿಯೂಟ ಎಂಟಕ್ಕೆ ಬಂದರೆ ಮಾತ್ರ ಇದು ಸಾಧ್ಯ, ಬೆಳಿಗ್ಗೆ ತಿಂಡಿಗೆ ಹಸಿವಾಗುವುದೂ ಆಗಲೇ. ಮೊಬೈಲು ರಾತ್ರಿ ಮಲಗುವ ಕೋಣೆಯ ಹೊರಗೆ ಚಾರ್ಜಿಗಿರಲಿ, ಅಪ್ಪ ಅಮ್ಮಂದಿರದ್ದೂ ಕೂಡ.

ತಕ್ಕಡಿ ಹತ್ತುವುದು ತಿಂಗಳಿಗೊಮ್ಮೆ ಸಾಕು. ಉಪ್ಪಿನೂಟ, ಮುಟ್ಟಿನ ಹಿಂದಿನ ದಿನಗಳು, ಕುಡಿದ ನೀರು ಇವುಗಳಿಂದಲೇ ತೂಕ ಒಂದೆರಡು ಕಿಲೋ ಆಚೀಚೆಯಾಗುತ್ತದೆ. ನನ್ನ ಅಕ್ಕನ ಮಗಳು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದದ್ದು ಬೇರೆಯದನ್ನು: ನಿಲ್ಲದೆ ಎಷ್ಟು ಸಲ ಹಗ್ಗ ಜಿಗಿದೆ, ಕಾಲೇಜಿನ ಮೂರನೆಯ ಮಹಡಿ ಹತ್ತಿದಾಗ ಏದುಸಿರು ಬಂತೇ, ಎಷ್ಟು ಗಂಟೆಗೆ ಮಲಗಿದೆ. ಹಬ್ಬದ ದಿನ ಹೋಳಿಗೆ ತಿಂದಳು, ಅದನ್ನು ಬರೆಯಲಿಲ್ಲ. ಪರೀಕ್ಷೆಯ ತಿಂಗಳಲ್ಲಿ ಸಂಜೆಯ ಡಬ್ಬಿ, ನಿದ್ದೆ ಇವೆರಡನ್ನು ಮಾತ್ರ ಕಾಯ್ದುಕೊಂಡು ಉಳಿದದ್ದನ್ನು ಮುಂದಕ್ಕೆ ಹಾಕಿದಳು.

ಹಿರಿಯರಿಗೆ ಹೇಳುವುದು ಮೂರು. ಮಗುವಿಗೆಂದು ಬೇರೆ ಅಡುಗೆ ಮಾಡಬೇಡಿ, ಮನೆಮಂದಿಯೆಲ್ಲ ಒಂದೇ ಊಟ ಉಣ್ಣಿ. ಅಣ್ಣನ ತಟ್ಟೆಯಲ್ಲಿ ಚಿಪ್ಸು, ತಂಗಿಯ ತಟ್ಟೆಯಲ್ಲಿ ಸೌತೆಕಾಯಿ ಎಂಬ ವ್ಯವಸ್ಥೆ ಒಂದು ವಾರವೂ ನಿಲ್ಲುವುದಿಲ್ಲ. ಡುಮ್ಮ, ಗುಂಡಮ್ಮ ಎಂಬ ಅಕ್ಕರೆಯ ಹೆಸರುಗಳನ್ನು ಕೈಬಿಡಿ, ಅವು ಎಷ್ಟು ನಾಟುತ್ತವೆ ಎಂಬುದನ್ನು ಮಕ್ಕಳು ಹೇಳುವುದಿಲ್ಲ. ನೆಂಟರು ಎದುರಿಗೇ ‘ಏನಮ್ಮಾ, ದಪ್ಪ ಆಗಿಬಿಟ್ಟಿದ್ದೀಯಲ್ಲ’ ಎಂದರೆ ಮಗುವಿಗೆ ಮುಂಚೆ ನೀವು ಮಾತು ತೆಗೆದುಕೊಂಡು ಬೇರೆ ವಿಷಯಕ್ಕೆ ತಿರುಗಿಸಿ.

ಕೆಲವು ಲಕ್ಷಣಗಳು ಕಂಡರೆ ಯೋಜನೆಯನ್ನು ಅಲ್ಲಿಗೇ ನಿಲ್ಲಿಸಬೇಕು: ಬರುತ್ತಿದ್ದ ಮುಟ್ಟು ನಿಂತುಹೋಗುವುದು, ತಲೆಸುತ್ತಿ ಬೀಳುವುದು, ಕೂದಲು ವಿಪರೀತ ಉದುರುವುದು, ಎಲ್ಲರೊಡನೆ ಉಣ್ಣಲು ನೆಪ ಹೇಳಿ ತಪ್ಪಿಸಿಕೊಳ್ಳುವುದು, ಉಂಡ ಮೇಲೆ ಬಚ್ಚಲಮನೆಗೆ ಹೋಗಿ ವಾಂತಿ ಮಾಡುವುದು, ತಿಂದದ್ದಕ್ಕೆ ಶಿಕ್ಷೆಯೆಂಬಂತೆ ವ್ಯಾಯಾಮ ಮಾಡುವುದು, ತೆಳ್ಳಗಿದ್ದರೂ ದಪ್ಪಗಿದ್ದೇನೆಂದು ಕನ್ನಡಿಯ ಮುಂದೆ ನಿಲ್ಲುವುದು. ಇದು ಹಟವಲ್ಲ, ಕಾಯಿಲೆ, ಹುಡುಗರಿಗೂ ಬರುತ್ತದೆ. ಬೈಯದೆ, ಕಾಯದೆ ಮಕ್ಕಳ ವೈದ್ಯರ ಅಥವಾ ಮನೋವೈದ್ಯರ ಬಳಿ ಕರೆದೊಯ್ಯಿರಿ. ಮನೆಯಲ್ಲಿ ಹೇಳಿಕೊಳ್ಳಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ನೀವೇ ಕರೆ ಮಾಡಬಹುದು. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು.